ಕಂಪನಿ ನೋಡುವ ಮೊದಲು ಕಂಬ ನೋಡಿ: ಮನೆಗೆ ಮೊದಲ ಸಲ ಇಂಟರ್ನೆಟ್ ಹಾಕಿಸುವವರಿಗೆ

ಮನೆಗೆ ನೆಟ್ ಹಾಕಿಸಬೇಕು ಅಂದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ, ‘ಯಾವ ಕಂಪನಿ ಒಳ್ಳೇದು?’ ಇದಕ್ಕೆ ಊರಿಗೆಲ್ಲ ಒಪ್ಪುವ ಉತ್ತರವಿಲ್ಲ. ಮೂರನೇ ಕ್ರಾಸಿನಲ್ಲಿ ವರ್ಷವಿಡೀ ತಂಟೆ ತಕರಾರಿಲ್ಲದೆ ನಡೆಯುವ ಕಂಪನಿಯೇ ಐದನೇ ಕ್ರಾಸಿನಲ್ಲಿ ವಾರಕ್ಕೊಮ್ಮೆ ಕೈಕೊಡುವುದುಂಟು. ಕಂಪನಿಗಳ ದೊಡ್ಡ ಜಾಲ, ಅಂದರೆ ಊರಿಂದ ಊರಿಗೆ ನೆಲದಡಿ ಹೋಗುವ ಲೈನು, ಹೆಚ್ಚುಕಮ್ಮಿ ಎಲ್ಲರದ್ದೂ ಗಟ್ಟಿಯಾಗಿಯೇ ಇರುತ್ತದೆ. ವ್ಯತ್ಯಾಸ ಬರುವುದು ಕೊನೆಯ ಇನ್ನೂರು ಮುನ್ನೂರು ಮೀಟರಿನಲ್ಲಿ. ವೈರು ಯಾವ ಕಂಬ ಹಿಡಿದು ಬಂದಿದೆ, ಎಷ್ಟು ಕಡೆ ಜಾಯಿಂಟ್ ಆಗಿದೆ, ಹರಿದರೆ ಏಣಿ ಹೊತ್ತು ಬರುವವರು ಯಾರು, ಅವರು ಇರುವುದು ಎಷ್ಟು ದೂರದಲ್ಲಿ: ನಿಮ್ಮ ನೆಟ್ಟಿನ ಹಣೆಬರಹ ಅಲ್ಲಿದೆ.

ಹಾಗಾಗಿ ಮೊದಲ ಕೆಲಸ, ಮೊಬೈಲಿನಲ್ಲಿ ಪ್ಲಾನ್ ಹುಡುಕುವುದಲ್ಲ. ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿಯುವುದು. ಮನೆಯ ಹತ್ತಿರದ ಕಂಬದಲ್ಲಿ ಯಾರ ಡಬ್ಬಿ ಇದೆ ನೋಡಿ. ಊಟದ ಡಬ್ಬಿಯಷ್ಟು ದೊಡ್ಡ ಕಪ್ಪು ಅಥವಾ ಬೂದು ಪೆಟ್ಟಿಗೆ, ಅದರಿಂದ ನಾಲ್ಕಾರು ತೆಳು ವೈರು ಮನೆಗಳ ಕಡೆ ಹೊರಟಿರುತ್ತವೆ. ಆಮೇಲೆ ಅದೇ ಬೀದಿಯ ಮೂರು ಮನೆಯಲ್ಲಿ ವಿಚಾರಿಸಿ. ‘ಚೆನ್ನಾಗಿದೆಯಾ?’ ಅಂತ ಕೇಳಿದರೆ ‘ಪರವಾಗಿಲ್ಲ’ ಅನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಹೋದ ಮಳೆಗಾಲದಲ್ಲಿ ಎಷ್ಟು ಸಲ ಹೋಯಿತು, ಹೋದಾಗ ಎಷ್ಟು ಹೊತ್ತಿಗೆ ವಾಪಸ್ ಬಂತು, ರಾತ್ರಿ ಒಂಬತ್ತಕ್ಕೆ ಟಿವಿಯಲ್ಲಿ ಬಫರಿಂಗ್ ಇದೆಯಾ ಅಂತ ಕೇಳಿ.

ಫೈಬರ್ ಅಂದದ್ದೆಲ್ಲ ಫೈಬರ್ ಅಲ್ಲ

ಮನೆಗೆ ನೆಟ್ ಬರುವ ದಾರಿ ಮೂರ್ನಾಲ್ಕು. ಅದರಲ್ಲಿ ಮೊದಲ ಆಯ್ಕೆ ಮನೆಯೊಳಗೇ ಬರುವ ಫೈಬರ್. ಕೂದಲೆಳೆಯಷ್ಟು ತೆಳುವಾದ ಗಾಜಿನ ಎಳೆಯೊಳಗೆ ಬೆಳಕು ಓಡುತ್ತದೆ. ಆಪರೇಟರ್ ಕಚೇರಿಯಿಂದ ಹೊರಟ ಒಂದು ಎಳೆ ಬೀದಿಯ ಸ್ಪ್ಲಿಟರಿನಲ್ಲಿ ಕವಲೊಡೆದು 32 ಅಥವಾ 64 ಮನೆಗೆ ಹೋಗುತ್ತದೆ. ಇಂದು ಹೆಚ್ಚು ಬಳಕೆಯಲ್ಲಿರುವ ಜಿಪಾನ್ ಪದ್ಧತಿಯಲ್ಲಿ ಆ ಒಂದು ಎಳೆಗೆ ಸಿಗುವುದು ಸುಮಾರು 2.5 ಜಿಬಿಪಿಎಸ್, ಅಂದರೆ 2,500 ಎಂಬಿಪಿಎಸ್ (ಸೆಕೆಂಡಿಗೆ ಅಷ್ಟು ಮೆಗಾಬಿಟ್). 64 ಮನೆಗೆ ಹಂಚಿದರೆ ತಲಾ 39 ಎಂಬಿಪಿಎಸ್ ಅಷ್ಟೇ ಆಯಿತಲ್ಲ, 100ರ ಪ್ಲಾನ್ ಹೇಗೆ ಕೊಡುತ್ತಾರೆ? 64 ಮನೆಯವರೂ ಒಂದೇ ಕ್ಷಣದಲ್ಲಿ ಪೂರ್ತಿ ಎಳೆಯುವುದಿಲ್ಲ ಅನ್ನುವ ಲೆಕ್ಕದ ಮೇಲೆ. ಊರಿನ ನಲ್ಲಿ ನೀರಿನ ಲೆಕ್ಕವೂ ಇದೇ ತಾನೆ. ಈ ಲೆಕ್ಕ ಸಾಮಾನ್ಯವಾಗಿ ತಪ್ಪುವುದಿಲ್ಲ. ರಾತ್ರಿ ನೆಟ್ ನಿಧಾನವಾದರೆ ಬಹಳ ಸಲ ಕಾರಣ ಬೀದಿಯ ಸ್ಪ್ಲಿಟರ್ ಅಲ್ಲ; ಸಣ್ಣ ಆಪರೇಟರ್ ಮೇಲಿನ ದೊಡ್ಡ ಕಂಪನಿಯಿಂದ ಕೊಂಡ ಬ್ಯಾಂಡ್‌ವಿಡ್ತ್ ಅವರ ಗ್ರಾಹಕರ ಸಂಖ್ಯೆಗೆ ಸಾಲದಿರುವುದು.

ಸ್ಪ್ಲಿಟರಿಗೆ ಕರೆಂಟೇ ಬೇಡ ಅನ್ನುವುದು ಫೈಬರಿನ ದೊಡ್ಡ ಗುಣ. ಬೀದಿಯಲ್ಲಿ ಕರೆಂಟ್ ಹೋದರೂ ನಿಮ್ಮ ಮನೆಯಲ್ಲಿ ಮತ್ತು ಅವರ ಕಚೇರಿಯಲ್ಲಿ ಬ್ಯಾಟರಿ ಇದ್ದರೆ ನೆಟ್ ನಡೆಯುತ್ತದೆ.

ಎರಡನೆಯದು ಫೈಬರ್ ಹೆಸರಿನಲ್ಲಿ ಮಾರಾಟವಾಗುವ ಲ್ಯಾನ್ ಕೇಬಲ್. ಫೈಬರ್ ಬರುವುದು ಪಕ್ಕದ ಕಟ್ಟಡದ ತಾರಸಿವರೆಗೆ ಮಾತ್ರ. ಅಲ್ಲಿ ಲೈನನ್ನು ಮನೆಗಳಿಗೆ ಹಂಚುವ ಒಂದು ಸ್ವಿಚ್ ಡಬ್ಬಿ, ಅಲ್ಲಿಂದ ನಿಮ್ಮ ಮನೆಗೆ ತಾಮ್ರದ ವೈರು. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಇದು ಇನ್ನೂ ಇದೆ. ಸ್ಪೀಡ್ ಕೆಟ್ಟದ್ದೇನಲ್ಲ, ಆದರೆ ಆ ಸ್ವಿಚ್ಚಿಗೆ ಕರೆಂಟ್ ಬರುವುದು ಯಾರದೋ ಮೀಟರಿನಿಂದ. ಅವರ ಮನೆಯ ಕರೆಂಟ್ ಹೋದರೆ, ನಿಮ್ಮಲ್ಲಿ ಯುಪಿಎಸ್ ಇದ್ದರೂ ನೆಟ್ ಇಲ್ಲ. ಇನ್ನೊಂದು ತೊಂದರೆ ಸಿಡಿಲು. ಗಾಜಿನಲ್ಲಿ ವಿದ್ಯುತ್ ಹರಿಯದು, ತಾಮ್ರದಲ್ಲಿ ಹರಿಯುತ್ತದೆ. ಏಪ್ರಿಲ್-ಮೇ ಗುಡುಗಿನ ಮಳೆಯಲ್ಲಿ ರೂಟರಿನ ಪೋರ್ಟ್ ಸುಟ್ಟುಹೋಗುವುದು ಹೀಗೆ. ಗುರುತಿಸುವುದು ಸುಲಭ: ಮನೆಯೊಳಗೆ ಬಂದ ವೈರಿನ ತುದಿಯಲ್ಲಿ ಹಸಿರು ಅಥವಾ ನೀಲಿ ಬಣ್ಣದ ಚೌಕ ಕನೆಕ್ಟರ್ ಇದ್ದರೆ ಫೈಬರ್, ಹಳೇ ಫೋನಿನ ಪಿನ್ನನ್ನೇ ಅಗಲ ಮಾಡಿದಂತೆ ಕಾಣುವ ಪಾರದರ್ಶಕ ಪಿನ್ ಇದ್ದರೆ ಲ್ಯಾನ್. ದುಡ್ಡು ಕೊಡುವ ಮೊದಲು ನೆರೆಮನೆಯಲ್ಲಿ ಇದನ್ನು ನೋಡಿಬಿಡಿ. ಮಾರಲು ಬಂದವರು ಎರಡಕ್ಕೂ ಫೈಬರ್ ಅಂತಲೇ ಹೇಳುತ್ತಾರೆ.

ವೈರೇ ಬಾರದ ಜಾಗಕ್ಕೆ 5ಜಿ ಆಧಾರದ ಗಾಳಿ-ನೆಟ್ ಇದೆ. ಜಿಯೋ ಏರ್‌ಫೈಬರ್ 2023ರ ಗಣೇಶ ಚೌತಿಯಂದು ಬೆಂಗಳೂರು ಸೇರಿ 8 ನಗರಗಳಲ್ಲಿ ಶುರುವಾಯಿತು, ಏರ್‌ಟೆಲ್‌ನಲ್ಲೂ ಇಂಥದ್ದಿದೆ. ಹೆಸರಲ್ಲಿ ಫೈಬರ್ ಇದ್ದರೂ ಮನೆಗೆ ಬರುವುದು ಟವರಿನ ಸಿಗ್ನಲ್ಲೇ. ಹಾಕಿಸುವ ಮೊದಲು ಅದೇ ಕಂಪನಿಯ 5ಜಿ ಸಿಮ್ ಇರುವ ಫೋನ್ ಹಿಡಿದು ತಾರಸಿ ಹತ್ತಿ, ಬೆಳಿಗ್ಗೆ ಒಂದು ಸಲ, ರಾತ್ರಿ ಒಂಬತ್ತರ ನಂತರ ಒಂದು ಸಲ ಸ್ಪೀಡ್ ಟೆಸ್ಟ್ ಮಾಡಿ. ಬೆಳಿಗ್ಗೆ 200, ರಾತ್ರಿ 15 ಬಂದರೆ ಟವರಿನ ಮೇಲೆ ಜನ ಜಾಸ್ತಿ ಎಂದರ್ಥ. ಹೊರಗೆ ಎಷ್ಟು ದೊಡ್ಡ ಆಂಟೆನಾ ಕೂರಿಸಿದರೂ ಅದು ಸರಿಹೋಗದು. ಅಪ್‌ಲೋಡ್ ಸ್ಪೀಡೂ ಇದರಲ್ಲಿ ಡೌನ್‌ಲೋಡಿಗಿಂತ ತೀರಾ ಕಡಿಮೆ ಇರುತ್ತದೆ. ಹಳೇ ಟೆಲಿಫೋನ್ ತಂತಿಯ ಬ್ರಾಡ್‌ಬ್ಯಾಂಡ್ ಎಲ್ಲಾದರೂ ಸಿಕ್ಕರೂ ಹೊಸದಾಗಿ ಹಾಕಿಸಬೇಡಿ.

ಮಲೆನಾಡು, ಕರಾವಳಿ, ಬಯಲುಸೀಮೆಯ ಹಳ್ಳಿಗಳ ಮಾತೇ ಬೇರೆ. ಅಲ್ಲಿ ಸಾಮಾನ್ಯವಾಗಿ ಇರುವುದು ಬಿಎಸ್‌ಎನ್‌ಎಲ್ ಫೈಬರ್, ಮನೆಮನೆಗೆ ಎಳೆದಿರುವುದು ಹೆಚ್ಚಾಗಿ ಊರಿನ ಕೇಬಲ್ ಟಿವಿಯವರು. 2011ರಲ್ಲಿ ಬೇರೆ ಹೆಸರಿನಲ್ಲಿ ಮಂಜೂರಾಗಿ ಆಮೇಲೆ ಭಾರತ್‌ನೆಟ್ ಆದ ಯೋಜನೆ ಗ್ರಾಮ ಪಂಚಾಯಿತಿವರೆಗೆ ಫೈಬರ್ ತರುವುದಕ್ಕಾಗಿ ಹುಟ್ಟಿದ್ದು. ಪಂಚಾಯಿತಿ ಕಚೇರಿಯಿಂದ ನಿಮ್ಮ ಅಂಗಳದವರೆಗಿನ ಲೈನು ಬೇರೆಯವರ ಹೊಣೆ. ಬಿಲ್ಲಿನಲ್ಲಿ ಒಂದು ಹೆಸರು, ರಿಪೇರಿಗೆ ಬರುವವರು ಇನ್ನೊಬ್ಬರು. ಆ ಇನ್ನೊಬ್ಬರ ಫೋನ್ ನಂಬರ್ ಅರ್ಜಿ ಕೊಡುವ ದಿನವೇ ಬರೆದಿಟ್ಟುಕೊಳ್ಳಿ. ತೋಟದೊಳಗೆ ಅಡಿಕೆ ಮರದಿಂದ ಮರಕ್ಕೆ ಕಟ್ಟಿ ತಂದ ವೈರು ಒಂದು ಸೋಗೆ ಬಿದ್ದರೆ ಹೋಯಿತು. ಮಂಗ ಜೋತಾಡಿದರೂ ಅಷ್ಟೇ. ಸಾಧ್ಯವಿದ್ದಲ್ಲಿ ತೋಟದ ಅಂಚಿನ ಬೇಲಿ ಗುಂಟ ಪೈಪಿನೊಳಗೆ ತರಿಸಿ. ನೂರು ಮೀಟರ್ ವೈರು ಹೆಚ್ಚು ಹಿಡಿದರೂ ಬೆಳಕಿನ ನಷ್ಟ ಲೆಕ್ಕಕ್ಕೇ ಬರುವುದಿಲ್ಲ.

ಎಷ್ಟು ಸ್ಪೀಡು ಸಾಕು

ಪ್ಲಾನಿನಲ್ಲಿ ಬರೆದಿರುವುದು ಮೆಗಾಬಿಟ್. ಫೋನಿನಲ್ಲಿ ಫೈಲ್ ಇಳಿಯುವಾಗ ಕಾಣುವುದು ಮೆಗಾಬೈಟ್. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ 100 ಎಂಬಿಪಿಎಸ್ ಪ್ಲಾನಿನಲ್ಲಿ ಸೆಕೆಂಡಿಗೆ 12.5 ಮೆಗಾಬೈಟ್ ಇಳಿದರೆ ಅದು ಪೂರ್ತಿ ಸ್ಪೀಡ್. ‘100 ಅಂದರು, 12 ಬರ್ತಿದೆ’ ಅಂತ ಜಗಳವಾಡುವ ಮೊದಲು ಇದು ನೆನಪಿರಲಿ.

ಸರ್ಕಾರದ ಪ್ರಕಾರ 2 ಎಂಬಿಪಿಎಸ್ ಇದ್ದರೂ ಅದು ಬ್ರಾಡ್‌ಬ್ಯಾಂಡೇ. 2023ರ ಜನವರಿಯವರೆಗೆ ಅದು 512 ಕೆಬಿಪಿಎಸ್, ಅಂದರೆ ಸುಮಾರು ಅರ್ಧ ಎಂಬಿಪಿಎಸ್ ಇತ್ತು. ಮನೆಗೆ ಬೇಕಾದ ಲೆಕ್ಕ ಹೀಗೆ ಹಾಕಿ. ಟಿವಿಯಲ್ಲಿ ಎಚ್‌ಡಿ ಸಿನಿಮಾಕ್ಕೆ 5 ಎಂಬಿಪಿಎಸ್, 4ಕೆ ಆದರೆ 15. ಆಫೀಸಿನ ವಿಡಿಯೋ ಮೀಟಿಂಗಿಗೆ 2ರಿಂದ 4. ಹಾಲ್‌ನಲ್ಲಿ 4ಕೆ ಧಾರಾವಾಹಿ, ಕೋಣೆಯಲ್ಲಿ ಮೀಟಿಂಗ್, ಮಗಳ ಆನ್‌ಲೈನ್ ಕ್ಲಾಸ್, ಎರಡು ಫೋನಿನಲ್ಲಿ ರೀಲ್ಸ್, ಎಲ್ಲ ಒಟ್ಟಿಗೇ ನಡೆದರೂ 35 ದಾಟುವುದು ಕಷ್ಟ. ನಾಲ್ಕು ಜನರ ಮನೆಗೆ 40-50ರ ಪ್ಲಾನ್ ಸಾಕು, 100 ಇದ್ದರೆ ಧಾರಾಳ. 300 ಹಾಕಿಸುವ ದುಡ್ಡನ್ನು ಒಳ್ಳೆಯ ರೂಟರಿಗೆ ಕೊಟ್ಟರೆ ಹೆಚ್ಚು ಪ್ರಯೋಜನ. ಮನೆಯಿಂದ ಕೆಲಸ ಮಾಡುವವರಿದ್ದರೆ ಅಪ್‌ಲೋಡ್ ಎಷ್ಟು ಅಂತ ತಪ್ಪದೆ ಕೇಳಿ. ಮೀಟಿಂಗಿನಲ್ಲಿ ನಿಮಗೆ ಎಲ್ಲರೂ ಸರಿಯಾಗಿ ಕಾಣಿಸಿ, ‘ನಿಮ್ಮ ದನಿ ಒಡೀತಿದೆ’ ಅಂತ ಅವರು ಹೇಳಿದರೆ ಕೊರತೆ ಇರುವುದು ಅಪ್‌ಲೋಡಿನಲ್ಲಿ.

‘ಅನ್‌ಲಿಮಿಟೆಡ್’ ಅನ್ನುವುದಕ್ಕೂ ಮಿತಿ ಇದೆ, ಅದು ಸಣ್ಣ ಅಕ್ಷರದಲ್ಲಿರುತ್ತದೆ. ಫೈಬರ್ ಪ್ಲಾನುಗಳಲ್ಲಿ ಸಾಮಾನ್ಯವಾಗಿ ಕಾಣುವ ಸಂಖ್ಯೆ ತಿಂಗಳಿಗೆ 3,300 ಜಿಬಿ, ಅಂದರೆ ದಿನಕ್ಕೆ 110. ಎಚ್‌ಡಿ ವಿಡಿಯೋ ಗಂಟೆಗೆ 3 ಜಿಬಿ ತಿಂದರೂ ಇದನ್ನು ಮುಗಿಸಲು ದಿನಕ್ಕೆ 36 ಗಂಟೆ ಬೇಕು, ಚಿಂತೆಯಿಲ್ಲ. ಗಾಳಿ-ನೆಟ್ಟಿನಲ್ಲಿ ಮಿತಿ ಸಾಮಾನ್ಯವಾಗಿ 1,000 ಜಿಬಿ, ದಿನಕ್ಕೆ 33. 4ಕೆ ಟಿವಿ ಗಂಟೆಗೆ 7 ಜಿಬಿ ಎಳೆಯುತ್ತದೆ. ಅದರ ಮೇಲೆ ಮಗ ಒಂದು ಗೇಮ್ ಇಳಿಸಿಕೊಂಡರೆ ಒಂದೇ ಏಟಿಗೆ 100 ಜಿಬಿ ಹೋಗಬಹುದು. ಮಿತಿ ಮುಗಿದ ಮೇಲೆ ಎಷ್ಟು ಸ್ಪೀಡ್ ಕೊಡುತ್ತಾರೆ ಅನ್ನುವುದು ಇನ್ನೂ ಮುಖ್ಯ. 2-4 ಎಂಬಿಪಿಎಸ್‌ಗೆ ಇಳಿದರೆ ತಿಂಗಳು ತಳ್ಳಬಹುದು. 64 ಕೆಬಿಪಿಎಸ್‌ಗೆ ಇಳಿದರೆ ವಾಟ್ಸ್‌ಆ್ಯಪ್ ಫೋಟೋ ಕೂಡ ತೆರೆಯುವುದಿಲ್ಲ.

ಬೆಲೆ ಕೇಳಿದಾಗ ಅವರು ಹೇಳುವುದು ಜಿಎಸ್‌ಟಿ ಬಿಟ್ಟು. 18% ಸೇರಿಸಿದರೆ 499ರ ಪ್ಲಾನ್ 589 ಆಗುತ್ತದೆ. ಮೊದಲ ಸಲವೇ ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ಇನ್‌ಸ್ಟಾಲೇಶನ್ ಉಚಿತ, ರೂಟರ್ ಉಚಿತ ಅನ್ನುತ್ತಾರೆ. ಲೈನಿನ ಗುಣ ಗೊತ್ತಿಲ್ಲದೆ ವರ್ಷಕ್ಕೆ ಕಟ್ಟುವುದಕ್ಕಿಂತ ಆ ಇನ್‌ಸ್ಟಾಲೇಶನ್ ದುಡ್ಡು ಕೊಟ್ಟು ತಿಂಗಳ ಪ್ಲಾನ್ ತಗೊಳ್ಳುವುದೇ ಮೇಲು. ಒಂದು ಮಳೆಗಾಲ ದಾಟಿದ ಮೇಲೆ ವರ್ಷದ ಪ್ಲಾನಿಗೆ ಹೋಗಿ. ರೂಟರ್ ನಿಮ್ಮದಾ, ಬಾಡಿಗೆಯದಾ, ಡಿಪಾಸಿಟ್ ಎಷ್ಟು ಅನ್ನುವುದು ರಸೀದಿಯಲ್ಲಿ ಬರಲಿ. ಓಟಿಟಿ ಸೇರಿಸಿದ ಪ್ಲಾನಾದರೆ ಅದಿಲ್ಲದ ಪ್ಲಾನಿನ ಬೆಲೆಯ ಪಕ್ಕ ಇಟ್ಟು ನೋಡಿ. ನೋಡದ ಹತ್ತು ಆ್ಯಪಿಗೆ ತಿಂಗಳಿಗೆ ಇನ್ನೂರು ಮುನ್ನೂರು ಕೊಡುವವರೇ ಜಾಸ್ತಿ. ಬಾಡಿಗೆ ಮನೆಯಾದರೆ ಆಧಾರ್ ಜೊತೆ ಬಾಡಿಗೆ ಕರಾರು ಪತ್ರ ತೆಗೆದಿಡಿ, ಗೋಡೆಗೆ ತೂತು ಹಾಕಲು ಓನರ್ ಒಪ್ಪಿಗೆಯನ್ನೂ ಕೇಳಿಡಿ.

ವೈರು ಎಳೆಯುವ ದಿನ

ಈ ದಿನ ಮನೆಯಲ್ಲಿ ಇರಿ, ಲೈನ್‌ನವರ ಜೊತೆ ನಿಂತೇ ನೋಡಿ. ಮುಂದಿನ ಮೂರು ವರ್ಷದ ನೆಮ್ಮದಿ ಈ ಒಂದು ಗಂಟೆಯಲ್ಲಿ ತೀರ್ಮಾನವಾಗುತ್ತದೆ.

ಬೇಗ ಮುಗಿಸಲು ಅವರು ವೈರನ್ನು ಕಿಟಕಿ ಸಂದಿನಿಂದ ತರಲು ನೋಡುತ್ತಾರೆ. ಬಿಡಬೇಡಿ, ಕಿಟಕಿ ಮುಚ್ಚಿದಾಗೆಲ್ಲ ಗಾಜಿನ ಎಳೆ ಹಿಸುಕುತ್ತದೆ. ಗೋಡೆಗೆ ತೂತು ಹಾಕಿಸಿ. ಹೊರಬದಿಗೆ ತೂತು ಸ್ವಲ್ಪ ಕೆಳಕ್ಕೆ ಇಳಿಜಾರಾಗಿರಲಿ, ಇಲ್ಲದಿದ್ದರೆ ಮಳೆನೀರು ವೈರಿನ ಗುಂಟ ಒಳಗೇ ಬರುತ್ತದೆ. ಹೊರಗೆ ತೂತಿಗೆ ಮುಂಚೆ ವೈರು ಒಂದು ಗೇಣು ಕೆಳಗೆ ಜೋತು ಮತ್ತೆ ಮೇಲೆ ಬರುವಂತೆ ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಕರೆಂಟ್ ಸರ್ವಿಸ್ ವೈರಿಗೆ ಸುತ್ತಿ ತರುವುದನ್ನು ಖಡಾಖಂಡಿತ ಬೇಡ ಅನ್ನಿ. ಬೀದಿಯಲ್ಲೂ ಬೇರೆ ದಾರಿ ಇದ್ದರೆ ಬೆಸ್ಕಾಂ ಕಂಬ ತಪ್ಪಿಸಿ. ಅನುಮತಿ ಇಲ್ಲದ ಕೇಬಲ್ಲುಗಳನ್ನು ಬೆಸ್ಕಾಂನವರು ಆಗಾಗ ಕತ್ತರಿಸಿ ಹಾಕುತ್ತಾರೆ, ಆಗ ಇಡೀ ಬೀದಿಯ ನೆಟ್ ಒಟ್ಟಿಗೇ ಹೋಗುತ್ತದೆ.

ಒಳಗೆ ಬಂದ ಮೇಲೆ ಎರಡು ಮೂರು ಮೀಟರ್ ವೈರು ಹೆಚ್ಚಿಗೆ ಉಳಿಸಿಕೊಳ್ಳಿ, ತುದಿ ಹಾಳಾದರೆ ಕತ್ತರಿಸಿ ಮತ್ತೆ ಕಟ್ಟಲು. ಅದನ್ನು ಬಳೆಗಿಂತ ಸಣ್ಣಗೆ ಸುತ್ತಬಾರದು. ಮೂಲೆಯಲ್ಲಿ ಲಂಬಕೋನದಲ್ಲಿ ಮಡಚಿ ಮೊಳೆ ಹೊಡೆದರೆ ಬೆಳಕು ಅಲ್ಲೇ ಸೋರಿಹೋಗುತ್ತದೆ. ಎಳೆ ತುಂಡಾಗಿರುವುದಿಲ್ಲ, ಆದರೂ ನೆಟ್ ಬಂದುಹೋಗಿ ಮಾಡುತ್ತಿರುತ್ತದೆ. ಇಂಥ ಕಾಯಿಲೆ ಹುಡುಕುವುದೇ ಕಷ್ಟ.

ತುದಿಗೆ ಕನೆಕ್ಟರ್ ಕೂರಿಸುವುದು ಎರಡು ಬಗೆ. ಯಂತ್ರದಲ್ಲಿ ಗಾಜು ಕರಗಿಸಿ ಬೆಸೆಯುವುದು ಸ್ಪ್ಲೈಸಿಂಗ್. ಕೈಯಲ್ಲೇ ಒತ್ತಿ ಕೂರಿಸುವುದು ಫಾಸ್ಟ್ ಕನೆಕ್ಟರ್. ಎರಡನೆಯದು ಅಗ್ಗ, ಕೆಲಸವೂ ಬೇಗ, ಆದರೆ ಕಾಲ ಕಳೆದಂತೆ ಸಡಿಲವಾಗುತ್ತದೆ. ಯಂತ್ರ ತಂದಿದ್ದರೆ ಬೆಸೆದೇ ಕೊಡಿ ಅನ್ನಿ.

ಆಮೇಲೆ ಕೇಳಬೇಕಾದ ಪ್ರಶ್ನೆ ಒಂದಿದೆ, ಅದನ್ನು ಕೇಳಿದ ಕೂಡಲೇ ಲೈನ್‌ನವರು ನಿಮ್ಮ ಮುಖ ನೋಡುತ್ತಾರೆ: ‘ಪವರ್ ಎಷ್ಟು ಬರ್ತಿದೆ?’ ಇದು ಕರೆಂಟಿನ ಪವರ್ ಅಲ್ಲ, ನಿಮ್ಮ ಮನೆ ತಲುಪಿದ ಬೆಳಕಿನದು. ಅಂಗೈಯಗಲದ ಮೀಟರಿಗೆ ವೈರು ಚುಚ್ಚಿದರೆ ಮೈನಸ್ ಸಂಖ್ಯೆ ಕಾಣುತ್ತದೆ, ಅಳತೆ ಡಿಬಿಎಂ. ಮೈನಸ್ 8ರಿಂದ ಮೈನಸ್ 27ರ ನಡುವೆ ಇದ್ದರೆ ಮೋಡೆಮ್, ಅಂದರೆ ಬೆಳಕನ್ನು ನೆಟ್ ಆಗಿ ಬದಲಿಸುವ ಪೆಟ್ಟಿಗೆ, ಕೆಲಸ ಮಾಡುತ್ತದೆ. ಆದರೆ ಮೈನಸ್ 26 ಬಂದಿದ್ದಕ್ಕೆ ‘ಓಕೆ ಸಾರ್’ ಅಂದುಬಿಟ್ಟರೆ ಒಪ್ಪಬೇಡಿ. ಪ್ರತಿ 3 ಅಂಕಿ ಕುಸಿದರೆ ಬೆಳಕು ಅರ್ಧವಾದಂತೆ. ಮೈನಸ್ 20ಕ್ಕೂ ಮೈನಸ್ 26ಕ್ಕೂ ಇರುವ ವ್ಯತ್ಯಾಸ ನಾಲ್ಕು ಪಟ್ಟು. ಮಳೆಗಾಲದಲ್ಲಿ ಜಾಯಿಂಟಿಗೆ ತುಸು ನೀರು ಹೊಕ್ಕು ಇನ್ನೆರಡು ಅಂಕಿ ಬಿದ್ದರೆ ಲೈನು ಸತ್ತಂತೆ. ಮೈನಸ್ 15ರಿಂದ 23ರೊಳಗೆ ಬರಲಿ. ಬರದಿದ್ದರೆ ತುದಿ ಒರೆಸಿ, ಕನೆಕ್ಟರ್ ಹೊಸದಾಗಿ ಹಾಕಿ, ಕಂಬದ ಡಬ್ಬಿಯಲ್ಲಿ ಇನ್ನೊಂದು ಪೋರ್ಟಿಗೆ ಬದಲಿಸಿ ನೋಡಲು ಹೇಳಿ. ಮೀಟರಿನ ಫೋಟೋ ತೆಗೆದಿಟ್ಟುಕೊಳ್ಳಿ. ಆರು ತಿಂಗಳ ನಂತರ ತೊಂದರೆ ಬಂದಾಗ ‘ಅವತ್ತು ಮೈನಸ್ 19 ಇತ್ತು, ಇವತ್ತು 25’ ಅಂದರೆ ವಾದವೇ ಇರುವುದಿಲ್ಲ. ಒಂದು ಎಚ್ಚರಿಕೆ: ವೈರಿನ ತುದಿಗೆ ಕಣ್ಣಿಟ್ಟು ನೋಡಬೇಡಿ, ಆ ಲೇಸರ್ ಕಣ್ಣಿಗೆ ಕಾಣುವಂಥದ್ದಲ್ಲ. ಕತ್ತರಿಸಿದ ಗಾಜಿನ ಚೂರು ನೆಲಕ್ಕೆ ಬಿದ್ದಿದ್ದರೆ ಟೇಪಿಗೆ ಅಂಟಿಸಿ ತೆಗೆಸಿ. ಅಂಬೆಗಾಲಿಡುವ ಮಗುವಿರುವ ಮನೆಯಲ್ಲಂತೂ ಮರೆಯಬೇಡಿ.

ವೈಫೈ ಬೇರೆ, ನೆಟ್ ಬೇರೆ

ನೆಟ್ ನಿಧಾನ ಅನ್ನುವ ದೂರುಗಳಲ್ಲಿ ದೊಡ್ಡ ಪಾಲು ವೈಫೈಯದ್ದು. ಟಿವಿ ಸ್ಟ್ಯಾಂಡಿನೊಳಗೆ, ಶೂ ರ್ಯಾಕಿನ ಮೇಲೆ, ಫ್ರಿಜ್ಜಿನ ಹಿಂದೆ ರೂಟರ್ ಅಡಗಿಸಿಟ್ಟು ಅಡುಗೆಮನೆಯಲ್ಲಿ ಸಿಗ್ನಲ್ ಇಲ್ಲ ಅಂದರೆ ಕಂಪನಿಯವರು ಏನು ಮಾಡಿಯಾರು? ಮನೆಯ ನಡುಭಾಗದಲ್ಲಿ, ಐದಾರು ಅಡಿ ಎತ್ತರದಲ್ಲಿ, ಬಯಲಾಗಿ ಇಡಿ. ವೈರು ಎಳೆಯುವ ಮೊದಲೇ ಈ ಜಾಗ ಗೊತ್ತುಮಾಡಿಕೊಂಡು ಅಲ್ಲಿ ಪ್ಲಗ್ ಪಾಯಿಂಟ್ ಇದೆಯೇ ನೋಡಿ.

ರೂಟರ್ ಎರಡೂ ಬ್ಯಾಂಡಿನದಾಗಿರಲಿ. 2.4 ಗಿಗಾಹರ್ಟ್ಸ್ ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ಅಪಾರ್ಟ್‌ಮೆಂಟಿನ ಗದ್ದಲದಲ್ಲಿ 30-50 ಎಂಬಿಪಿಎಸ್ ದಾಟಿಸುವುದು ಕಷ್ಟ. 5 ಗಿಗಾಹರ್ಟ್ಸ್ ವೇಗ ಹೆಚ್ಚು, ಒಂದೆರಡು ಗೋಡೆಗೇ ಸುಸ್ತಾಗುತ್ತದೆ. ಮಹಡಿ ಮನೆಯಲ್ಲಿ ಆರ್‌ಸಿಸಿ ಸ್ಲ್ಯಾಬ್ ದಾಟಿಸಲು ಗೋಡೆಗೆ ಚುಚ್ಚುವ ಅಗ್ಗದ ರಿಪೀಟರ್ ಕೊಳ್ಳಬೇಡಿ. ಅದು ಕೇಳಿದ್ದನ್ನೇ ಮತ್ತೆ ಹೇಳುವ ಕೆಲಸದಲ್ಲಿ ಸ್ಪೀಡನ್ನು ಅರ್ಧ ಮಾಡುತ್ತದೆ. ಮೇಲಕ್ಕೊಂದು ಕ್ಯಾಟ್-6 ಲ್ಯಾನ್ ವೈರು ಎಳೆಸಿ ಅಲ್ಲಿ ಎರಡನೇ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಆಗಿ, ಅಂದರೆ ವೈಫೈ ಹರಡಲು ಮಾತ್ರ, ಇಟ್ಟರೆ ತೊಂದರೆ ಶಾಶ್ವತವಾಗಿ ಮುಗಿಯಿತು. ಸ್ಪೀಡ್ ಪರೀಕ್ಷೆ ಮಾಡುವಾಗ ಲ್ಯಾಪ್‌ಟಾಪಿಗೆ ವೈರು ಚುಚ್ಚಿ ಮಾಡಿ, ಟೆಸ್ಟಿನ ಸರ್ವರನ್ನು ಬೇರೆ ಊರಿಗೆ ಬದಲಿಸಿ. ಕಂಪನಿಯ ಸ್ವಂತ ಸರ್ವರ್ ಯಾವಾಗಲೂ ಹೊಗಳಿಕೆಯ ಅಂಕಿಯನ್ನೇ ಕೊಡುತ್ತದೆ. 200ರ ಪ್ಲಾನಿನಲ್ಲಿ ಎಷ್ಟು ಸಲ ನೋಡಿದರೂ 94-95ಕ್ಕೇ ನಿಂತರೆ ರೂಟರಿನ ಅಥವಾ ಲ್ಯಾಪ್‌ಟಾಪಿನ ಪೋರ್ಟ್ ಹಳೇ 100ರದ್ದು.

ಕರೆಂಟ್ ಹೋದಾಗಲೂ ನೆಟ್ ಬೇಕೆಂದರೆ ರೂಟರಿಗೆ ಮಿನಿ ಯುಪಿಎಸ್ ತನ್ನಿ. ಅಡಾಪ್ಟರಿನ ಮೇಲೆ 12 ವೋಲ್ಟ್ ಎಂದಿದೆಯೇ, ಎಷ್ಟು ಆಂಪಿಯರ್ ಅನ್ನುವುದನ್ನು ಮೊದಲು ಓದಿ. ಡಬ್ಬಿಯ ಮೇಲಿನ 8,000 ಎಂಎಎಚ್ ಕಂಡು ಮರುಳಾಗಬೇಡಿ. ಆ ಲೆಕ್ಕ ಒಳಗಿನ 3.7 ವೋಲ್ಟ್ ಸೆಲ್ಲಿನದು, ಅಂದರೆ ಸುಮಾರು 30 ವ್ಯಾಟ್-ಅವರ್. ನಷ್ಟ ಕಳೆದು 24 ಸಿಕ್ಕರೆ 8 ವ್ಯಾಟ್ ತಿನ್ನುವ ರೂಟರ್ ಮೂರು ಗಂಟೆ ನಡೆಯುತ್ತದೆ. ಮೋಡೆಮ್ ಮತ್ತು ರೂಟರ್ ಎರಡು ಬೇರೆ ಪೆಟ್ಟಿಗೆಗಳಾದರೆ ಎರಡಕ್ಕೂ ಬ್ಯಾಕಪ್ ಬೇಕು. ರೂಟರಿಗೆ ಮಾತ್ರ ಕೊಟ್ಟು ವೈಫೈ ಇದೆ, ನೆಟ್ ಇಲ್ಲ ಅಂತ ತಲೆ ಕೆರೆದುಕೊಳ್ಳುವವರು ಬಹಳ.

ಹಳೇ ಸಿಸಿಟಿವಿಯನ್ನು ಹೊರಗಿಂದ ನೇರವಾಗಿ ನೋಡುವ ಆಸೆ ಇದ್ದವರು ಇನ್ನೊಂದು ವಿಷಯ ಕೇಳಬೇಕು: ಮನೆಗೆ ಸ್ವಂತ ಪಬ್ಲಿಕ್ ಐಪಿ, ಅಂದರೆ ಇಂಟರ್ನೆಟ್ಟಿನಲ್ಲಿ ನಿಮ್ಮ ಮನೆಯದೇ ಆದ ವಿಳಾಸ, ಕೊಡುತ್ತಾರೋ ಇಲ್ಲವೋ. ಬಹಳ ಕಂಪನಿಗಳು ನೂರಾರು ಮನೆಗೆ ಒಂದೇ ವಿಳಾಸ ಹಂಚುತ್ತವೆ. ರೂಟರಿನ ಸೆಟ್ಟಿಂಗಿನಲ್ಲಿ ಕಾಣುವ ವ್ಯಾನ್ (ಹೊರಗಿನ ನೆಟ್ಟಿನ ಕಡೆಯ) ವಿಳಾಸ 100.64ರಿಂದ 100.127ರೊಳಗೆ ಶುರುವಾದರೆ ನಿಮ್ಮದೂ ಹಾಗೇ ಹಂಚಿದ್ದು. ಕ್ಲೌಡ್ ಆ್ಯಪಿನಲ್ಲಿ ನೋಡುವ ಕ್ಯಾಮೆರಾಗಳಿಗೆ ಇದರಿಂದ ಅಡ್ಡಿಯಿಲ್ಲ.

ಹೋದಾಗ ಏನು ಹೇಳಬೇಕು

ಫೋನ್ ಮಾಡುವ ಮೊದಲು ಮೋಡೆಮ್ ದೀಪ ನೋಡಿ. ಎಲ್‌ಒಎಸ್ ಎಂಬಲ್ಲಿ ಕೆಂಪು ಮಿಣುಕುತ್ತಿದ್ದರೆ ಬೆಳಕೇ ಬರುತ್ತಿಲ್ಲ. ವೈರು ಎಲ್ಲೋ ತುಂಡಾಗಿದೆ, ಇಲ್ಲವೇ ಇಲಿ ಕಡಿದಿದೆ. ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದರೂ ಪ್ರಯೋಜನವಿಲ್ಲ. ಕೆಂಪಿಲ್ಲ, ಆದರೆ ಪಾನ್ (PON) ಎಂದು ಬರೆದ ದೀಪ ಹಸಿರಾಗಿ ಮಿನುಗುತ್ತಲೇ ಇದ್ದರೆ ಬೆಳಕು ಬಂದಿದೆ, ಅವರ ಕಚೇರಿಯ ಕಡೆ ನೋಂದಣಿ ಆಗುತ್ತಿಲ್ಲ. ಇದಕ್ಕೆ ಏಣಿ ಬೇಡ. ಪಾನ್ ಸ್ಥಿರವಾಗಿದ್ದೂ ನೆಟ್ ಇಲ್ಲದಿದ್ದರೆ ರೀಚಾರ್ಜ್ ಮುಗಿದಿದೆಯಾ ನೋಡಿ, ಆಮೇಲೆ ಲಾಗಿನ್ ಪಾಸ್‌ವರ್ಡ್. ‘ನೆಟ್ ಬರ್ತಿಲ್ಲ’ ಅಂದರೆ ಕಸ್ಟಮರ್ ಕೇರ್‌ನವರು ರೀಸ್ಟಾರ್ಟ್ ಮಾಡಿ ಅನ್ನುತ್ತಾರೆ. ‘ಎಲ್‌ಒಎಸ್ ಕೆಂಪು ಇದೆ, ನಿನ್ನೆ ರಾತ್ರಿ ಎಂಟರಿಂದ, ಪಕ್ಕದ ಮನೆಯಲ್ಲೂ ಇಲ್ಲ’ ಅಂದರೆ ಲೈನ್‌ನವರನ್ನೇ ಕಳಿಸುತ್ತಾರೆ.

ಲೈನ್‌ನವರಿಗೆ ನೇರ ಫೋನ್ ಮಾಡಿದರೂ ಕಂಪನಿಯ ಆ್ಯಪಿನಲ್ಲಿ ದೂರು ದಾಖಲಿಸಿ ಡಾಕೆಟ್ ನಂಬರ್, ಅಂದರೆ ದೂರಿನ ಸಂಖ್ಯೆ, ತಗೊಳ್ಳಿ. ಅದಿಲ್ಲದಿದ್ದರೆ ಎಂಟು ದಿನ ನೆಟ್ ಇರಲಿಲ್ಲ ಅನ್ನುವುದಕ್ಕೆ ಸಾಕ್ಷಿ ಇರುವುದಿಲ್ಲ, ಆ ದಿನಗಳ ಬಾಡಿಗೆ ಬಿಡಿಸಿಕೊಳ್ಳುವುದೂ ಕಷ್ಟ. ಅಲ್ಲಿ ಬಗೆಹರಿಯದಿದ್ದರೆ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ ನಿಯಮದಂತೆ ಪ್ರತಿ ಕಂಪನಿಯಲ್ಲೂ ಮೇಲ್ಮನವಿ ಪ್ರಾಧಿಕಾರವಿದೆ. ಅದೇ ಡಾಕೆಟ್ ನಂಬರ್ ಹಾಕಿ ಅಲ್ಲಿಗೆ ಬರೆಯಿರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಡಬಹುದು.

ಮನೆ ಬದಲಿಸುವಾಗ ರೀಚಾರ್ಜ್ ನಿಲ್ಲಿಸಿದರೆ ಕನೆಕ್ಷನ್ ಮುಗಿಯಿತು ಅಂದುಕೊಳ್ಳಬೇಡಿ. ಕಂಪನಿಗೆ ಬರೆದು ರದ್ದು ಮಾಡಿಸಿ, ಮೋಡೆಮನ್ನು ಅಡಾಪ್ಟರ್ ಸಮೇತ ವಾಪಸ್ ಕೊಡಿ. ಅದರ ಅಡಿಯ ಸೀರಿಯಲ್ ನಂಬರ್ ಬರೆದ ರಸೀದಿ ಕೈಗೆ ಬಂದ ಮೇಲೆ ಡಿಪಾಸಿಟ್ ಕೇಳಿ.